ಪ್ರಶಸ್ತಿಗೆ ಒಂದು ಭಾಷೆ, ಗಡಿ ಸೀಮೆಗೆ ಹಲವು

2024ರ ಆಗಸ್ಟ್ 16ರಂದು ದೆಹಲಿಯಲ್ಲಿ 70ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳ ಪಟ್ಟಿ ಪ್ರಕಟವಾದಾಗ 'ಅತ್ಯುತ್ತಮ ಕನ್ನಡ ಚಿತ್ರ' ಎಂಬ ಸಾಲಿನ ಮುಂದೆ ಇದ್ದ ಹೆಸರು 'ಕೆಜಿಎಫ್: ಚಾಪ್ಟರ್ 2'. ಕೋಲಾರ ಜಿಲ್ಲೆಯ ಒಂದು ಊರಿನ ಹೆಸರೇ ಪ್ರಶಸ್ತಿ ಪಡೆದ ಚಿತ್ರದ ಹೆಸರಾಗಿತ್ತು. ಆದರೆ ಆ ಊರಿನ ಚಿನ್ನದ ಗಣಿಗಳಲ್ಲಿ ಒಂದು ಶತಮಾನಕ್ಕೂ ಹೆಚ್ಚು ಕಾಲ ದುಡಿದವರಲ್ಲಿ ಬಹುಪಾಲು ಮಂದಿಯ ಮನೆಮಾತು ತಮಿಳು. ಗಣಿಯಿಂದ ಪೂರ್ವಕ್ಕೋ ಉತ್ತರಕ್ಕೋ ಒಂದಷ್ಟು ದೂರ ಸಾಗಿದರೆ ಸಂತೆಯ ಮಾತು ತೆಲುಗು. ಚಿತ್ರವಾದರೋ ಕನ್ನಡ, ತೆಲುಗು, ತಮಿಳು, ಹಿಂದಿ, ಮಲಯಾಳಂ ಭಾಷೆಗಳಲ್ಲಿ ಏಕಕಾಲಕ್ಕೆ ತೆರೆ ಕಂಡದ್ದು. ಪ್ರಶಸ್ತಿ ಮಾತ್ರ ಒಂದೇ ಭಾಷೆಯ ಖಾತೆಗೆ ಸೇರಿತು.

ಇದರಲ್ಲಿ ಯಾರ ತಪ್ಪೂ ಇಲ್ಲ. ಚಲನಚಿತ್ರ ಪ್ರಶಸ್ತಿಗಳ ವ್ಯವಸ್ಥೆ ರೂಪುಗೊಂಡಿರುವುದೇ ಹಾಗೆ. ನಾವು 'ಪ್ರಾದೇಶಿಕ ಚಿತ್ರ', 'ಪ್ರಾದೇಶಿಕ ಪ್ರಶಸ್ತಿ' ಎಂದು ಸಲೀಸಾಗಿ ಹೇಳುತ್ತೇವೆ. ಆದರೆ ಆ ಮಾತಿನಲ್ಲಿರುವ 'ಪ್ರದೇಶ' ನೆಲವಲ್ಲ, ಭಾಷೆ. ನೆಲ ಮತ್ತು ಭಾಷೆ ಒಂದರ ಮೇಲೊಂದು ಸರಿಯಾಗಿ ಕೂರುವ ಕಡೆ ಈ ವ್ಯತ್ಯಾಸ ಯಾರ ಗಮನಕ್ಕೂ ಬರುವುದಿಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದಂತಹ ತಾಲ್ಲೂಕುಗಳಲ್ಲಿ ಅದು ದಿನನಿತ್ಯದ ಅನುಭವ. ಮಾಲೂರಿನ ಗಡಿ ದಾಟಿದರೆ ತಮಿಳುನಾಡಿನ ಹೊಸೂರು ಸೀಮೆ. ಮುಳಬಾಗಿಲಿನ ನಂಗಲಿ ದಾಟಿದರೆ ಆಂಧ್ರದ ಪಲಮನೇರು ದಾರಿ. ಶ್ರೀನಿವಾಸಪುರದ ರಾಯಲ್ಪಾಡಿನಿಂದಾಚೆ ಮದನಪಲ್ಲಿ. ಗೌನಿಪಲ್ಲಿಯಂತಹ ಊರ ಹೆಸರುಗಳೇ ಇಲ್ಲಿ ಎರಡು ಭಾಷೆಗಳ ಒಕ್ಕಲುತನವನ್ನು ಸಾರುತ್ತವೆ.

ಈ ಹಿನ್ನೆಲೆಯಲ್ಲಿ ಚಲನಚಿತ್ರ ಪ್ರಶಸ್ತಿಗಳು ಹುಟ್ಟಿದ ಬಗೆಯನ್ನೂ, ಅವು ಗಡಿ ಸೀಮೆಯ ಪ್ರತಿಭೆಯನ್ನು ಲೆಕ್ಕಕ್ಕೆ ತೆಗೆದುಕೊಂಡ ರೀತಿಯನ್ನೂ ನೋಡುವುದು ಕುತೂಹಲಕರ.

ಪದಕದಿಂದ ಕಮಲದವರೆಗೆ

ಕೇಂದ್ರ ಸರ್ಕಾರ ಚಲನಚಿತ್ರಗಳಿಗೆ ಪ್ರಶಸ್ತಿ ನೀಡಲು ಆರಂಭಿಸಿದ್ದು 1954ರಲ್ಲಿ. ಮೊದಲ ಬಾರಿಗೆ ರಾಷ್ಟ್ರಪತಿಗಳ ಚಿನ್ನದ ಪದಕ ಪಡೆದದ್ದು ಮರಾಠಿಯ 'ಶ್ಯಾಮ್‌ಚಿ ಆಯಿ'. ಮರುವರ್ಷದಿಂದ ಆಯಾ ಭಾಷೆಯ ಉತ್ತಮ ಚಿತ್ರಗಳನ್ನು ಪ್ರತ್ಯೇಕವಾಗಿ ಗುರುತಿಸುವ ಪದ್ಧತಿ ಬಂತು. ಎಚ್.ಎಲ್.ಎನ್. ಸಿಂಹ ನಿರ್ದೇಶಿಸಿದ, ರಾಜಕುಮಾರ್ ನಾಯಕರಾಗಿ ಕಾಣಿಸಿಕೊಂಡ 'ಬೇಡರ ಕಣ್ಣಪ್ಪ' (1954) ಹೀಗೆ ಅರ್ಹತಾ ಪತ್ರ ಪಡೆಯಿತು. ಪದಕಗಳು ಮುಂದೆ ಸ್ವರ್ಣ ಕಮಲ, ರಜತ ಕಮಲಗಳಾದವು. ಕನ್ನಡಕ್ಕೆ ಮೊದಲ ಸ್ವರ್ಣ ಕಮಲ ತಂದ 'ಸಂಸ್ಕಾರ'ದ (1970) ಬಳಿಕ 'ಚೋಮನ ದುಡಿ', 'ಘಟಶ್ರಾದ್ಧ', 'ತಬರನ ಕಥೆ', 'ತಾಯಿ ಸಾಹೇಬ', 'ದ್ವೀಪ' ಚಿತ್ರಗಳು ಆ ಸಾಲಿಗೆ ಸೇರಿದವು.

ರಾಜ್ಯ ಸರ್ಕಾರದ ಪ್ರಶಸ್ತಿಗಳು ಆರಂಭವಾದದ್ದು 1966-67ನೇ ಸಾಲಿನಿಂದ. ಆಗ ರಾಜ್ಯದ ಹೆಸರು ಇನ್ನೂ ಮೈಸೂರು. ಕನ್ನಡ ಚಿತ್ರಗಳು ಬಹುಪಾಲು ತಯಾರಾಗುತ್ತಿದ್ದದ್ದು ಮದರಾಸಿನ ಸ್ಟುಡಿಯೋಗಳಲ್ಲಿ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' (1934) ಸಿದ್ಧವಾದದ್ದು ಕೊಲ್ಹಾಪುರದಲ್ಲಿ ಎಂಬುದನ್ನು ನೆನೆದರೆ, ಕನ್ನಡ ಚಿತ್ರರಂಗ ಎಷ್ಟು ಕಾಲ ಪರವೂರಿನ ನೆರಳಿನಲ್ಲಿತ್ತು ಎಂಬುದು ತಿಳಿಯುತ್ತದೆ. ರಾಜ್ಯದಲ್ಲಿಯೇ ತಯಾರಾದ ಚಿತ್ರಗಳಿಗೆ ಸಹಾಯಧನ ನೀಡುವ ಯೋಜನೆ ಮತ್ತು ವಾರ್ಷಿಕ ಪ್ರಶಸ್ತಿ, ಇವೆರಡೂ ಚಿತ್ರರಂಗವನ್ನು ತವರಿಗೆ ಕರೆತರುವ ಉದ್ದೇಶದ ಎರಡು ಕೈಗಳಂತಿದ್ದವು. ಪ್ರಶಸ್ತಿಗೆ ಭಾಷೆಯೇ ಅಳತೆಗೋಲಾದದ್ದು ಈ ಕಾರಣಕ್ಕೆ. ಅಂದಿನ ಸವಾಲು ಕನ್ನಡಕ್ಕೊಂದು ನೆಲೆ ಒದಗಿಸುವುದಾಗಿತ್ತು. ಗಡಿ ತಾಲ್ಲೂಕುಗಳ ಬಹುಭಾಷಾ ಬದುಕು ಆಗ ಯಾರ ಚರ್ಚೆಯ ವಿಷಯವೂ ಆಗಿರಲಿಲ್ಲ.

ಆಯ್ಕೆ ಹೇಗೆ?

ಪ್ರಶಸ್ತಿ ತಾನಾಗಿ ಚಿತ್ರವನ್ನು ಹುಡುಕಿಕೊಂಡು ಬರುವುದಿಲ್ಲ. ನಿರ್ಮಾಪಕರು ಅರ್ಜಿ ಹಾಕಬೇಕು. ರಾಷ್ಟ್ರೀಯ ಪ್ರಶಸ್ತಿಗಾದರೆ ಆಯಾ ವರ್ಷದ ಜನವರಿ 1ರಿಂದ ಡಿಸೆಂಬರ್ 31ರ ಒಳಗೆ ಸೆನ್ಸಾರ್ ಮಂಡಳಿಯ ಪ್ರಮಾಣಪತ್ರ ಪಡೆದಿರಬೇಕು. ಬೇರೆ ಭಾಷೆಯಿಂದ ಡಬ್ ಮಾಡಿದ ಚಿತ್ರಕ್ಕೆ ಅವಕಾಶವಿಲ್ಲ. 'ಕೆಜಿಎಫ್' ಐದು ಭಾಷೆಗಳಲ್ಲಿ ಬಿಡುಗಡೆಯಾದರೂ ಪ್ರಶಸ್ತಿ ಕನ್ನಡಕ್ಕೆ ಮಾತ್ರ ಸಂದದ್ದು ಈ ನಿಯಮದಿಂದಲೇ. ಮೂಲ ಯಾವ ಭಾಷೆಯದೋ ಚಿತ್ರ ಆ ಭಾಷೆಯದು.

ರಾಷ್ಟ್ರೀಯ ಮಟ್ಟದಲ್ಲಿ ಕಥಾಚಿತ್ರಗಳ ಆಯ್ಕೆಗೆ ಎರಡು ಹಂತಗಳಿವೆ. ಮೊದಲು ಐದು ವಲಯ ಮಂಡಳಿಗಳು ಚಿತ್ರಗಳನ್ನು ನೋಡಿ ಶಿಫಾರಸು ಮಾಡುತ್ತವೆ, ಆ ಬಳಿಕ ಕೇಂದ್ರ ಮಂಡಳಿ ತೀರ್ಪು ನೀಡುತ್ತದೆ. ದಕ್ಷಿಣ ಭಾರತಕ್ಕೆ ಎರಡು ಮಂಡಳಿಗಳು. ತಮಿಳು, ಮಲಯಾಳಂ ಚಿತ್ರಗಳು ಒಂದರ ಪಾಲು. ಕನ್ನಡ, ತೆಲುಗು, ತುಳು ಚಿತ್ರಗಳು ಇನ್ನೊಂದರ ಪಾಲು. ಮುಳಬಾಗಿಲಿನ ಪ್ರೇಕ್ಷಕ ಒಂದೇ ವಾರದಲ್ಲಿ ಕನ್ನಡ ಚಿತ್ರವನ್ನೂ ತೆಲುಗು ಚಿತ್ರವನ್ನೂ ನೋಡುವ ಹಾಗೆ ದೆಹಲಿಯ ಈ ಮಂಡಳಿಯೂ ಎರಡನ್ನೂ ಒಟ್ಟಿಗೆ ಕುಳಿತು ನೋಡುತ್ತದೆ. ಬಹುಮಾನ ಹಂಚುವ ಹೊತ್ತಿಗೆ ಮಾತ್ರ ಎರಡರ ದಾರಿಯೂ ಬೇರೆಯಾಗುತ್ತದೆ.

ರಾಜ್ಯ ಪ್ರಶಸ್ತಿಯಲ್ಲಿ ಸರ್ಕಾರ ನೇಮಿಸುವ ಆಯ್ಕೆ ಸಮಿತಿ ಮೊದಲ, ದ್ವಿತೀಯ, ತೃತೀಯ ಅತ್ಯುತ್ತಮ ಚಿತ್ರಗಳನ್ನು ಆರಿಸುತ್ತದೆ. ನಟ, ನಟಿ, ಛಾಯಾಗ್ರಾಹಕ, ಸಂಗೀತ ನಿರ್ದೇಶಕ, ಸಂಕಲನಕಾರ ಮೊದಲಾದವರಿಗೆ ಬೇರೆ ಬೇರೆ ಪ್ರಶಸ್ತಿಗಳಿವೆ. ಅತ್ಯುತ್ತಮ ನಟ ಪ್ರಶಸ್ತಿಗೆ 'ಸತಿ ಸುಲೋಚನ'ದ ನಾಯಕ ಸುಬ್ಬಯ್ಯ ನಾಯ್ಡು ಅವರ ಹೆಸರಿದೆ. ಜೀವಮಾನದ ಸಾಧನೆಗೆ ಡಾ. ರಾಜಕುಮಾರ್ ಪ್ರಶಸ್ತಿ, ನಿರ್ದೇಶಕರಿಗೆ ಪುಟ್ಟಣ್ಣ ಕಣಗಾಲ್ ಪ್ರಶಸ್ತಿ ಸಲ್ಲುತ್ತವೆ. ಈ ಕೊನೆಯ ಹೆಸರಿನ ಹಿಂದೆ ಕೋಲಾರದ ಗಡಿ ಸೀಮೆಯ ಒಂದು ಎಳೆ ಇದೆ.

ಬೂದಗೂರಿನ ಮೇಷ್ಟರು

ಪುಟ್ಟಣ್ಣ ಕಣಗಾಲ್ ಚಿತ್ರ ನಿರ್ದೇಶನದ ಪಾಠ ಕಲಿತದ್ದು ಬಿ.ಆರ್. ಪಂತುಲು ಅವರ ಗರಡಿಯಲ್ಲಿ. ಹೆಸರಿನಲ್ಲಿಯೇ ಊರನ್ನು ಹೊತ್ತ ಬೂದಗೂರು ರಾಮಕೃಷ್ಣಯ್ಯ ಪಂತುಲು ಕೋಲಾರ ಮತ್ತು ಕುಪ್ಪಂ ನಡುವಿನ ಗಡಿ ಸೀಮೆಯವರು. 1910ರಲ್ಲಿ ಜನಿಸಿದ ಅವರು ಕೆಲಕಾಲ ಶಾಲಾ ಉಪಾಧ್ಯಾಯರಾಗಿದ್ದು, ಬಳಿಕ ವೃತ್ತಿರಂಗಭೂಮಿಗೆ ಬಂದು, 1936ರ 'ಸಂಸಾರ ನೌಕೆ' ಚಿತ್ರದಲ್ಲಿ ನಟಿಸಿದರು. ಮುಂದೆ ಮದರಾಸಿನಲ್ಲಿ ಪದ್ಮಿನಿ ಪಿಕ್ಚರ್ಸ್ ಕಟ್ಟಿದರು.

ಪಂತುಲು ಅವರು ಚಿತ್ರಗಳನ್ನು ತೆಗೆದ ರೀತಿ ಗಡಿ ಸೀಮೆಯ ಮನೆಯೊಂದರ ಜಗುಲಿಯಂತಿತ್ತು. ಅವರ 'ರತ್ನಗಿರಿ ರಹಸ್ಯ' (1957) ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಬಂತು. ಆದರ್ಶ ಉಪಾಧ್ಯಾಯನೊಬ್ಬನ ಬದುಕನ್ನು ಹೇಳುವ 'ಸ್ಕೂಲ್ ಮಾಸ್ಟರ್' (1958) ಕನ್ನಡದಲ್ಲಿ ಭಾರಿ ಯಶಸ್ಸು ಕಂಡಿತಲ್ಲದೆ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಅರ್ಹತಾ ಪತ್ರವನ್ನೂ ಪಡೆಯಿತು. ಅದೇ ಕಥೆ ತಮಿಳು, ತೆಲುಗು, ಹಿಂದಿಗೂ ಹೋಯಿತು. 1964ರಲ್ಲಿ ಅದನ್ನು ಮಲಯಾಳಂನಲ್ಲಿ ನಿರ್ದೇಶಿಸಿದವರು ಪುಟ್ಟಣ್ಣ. 'ಕಿತ್ತೂರು ಚೆನ್ನಮ್ಮ' (1961) ಚಿತ್ರಕ್ಕೂ ರಾಷ್ಟ್ರೀಯ ಮನ್ನಣೆ ದೊರೆಯಿತು.

ಇತ್ತ ಕನ್ನಡಕ್ಕೆ ಪ್ರಶಸ್ತಿ ತರುತ್ತಿದ್ದ ಕಾಲದಲ್ಲಿಯೇ ಅವರು ತಮಿಳಿನಲ್ಲಿ 'ವೀರಪಾಂಡಿಯ ಕಟ್ಟಬೊಮ್ಮನ್' (1959) ನಿರ್ಮಿಸಿ ನಿರ್ದೇಶಿಸಿದರು. 1960ರಲ್ಲಿ ಕೈರೋದ ಆಫ್ರೋ-ಏಷ್ಯನ್ ಚಿತ್ರೋತ್ಸವದಲ್ಲಿ ಆ ಚಿತ್ರದ ಅಭಿನಯಕ್ಕಾಗಿ ಶಿವಾಜಿ ಗಣೇಶನ್ ಶ್ರೇಷ್ಠ ನಟರೆನಿಸಿದರು. ಬ್ರಿಟಿಷರ ವಿರುದ್ಧ ಸೆಣಸಿದ ತಮಿಳು ಪಾಳೆಯಗಾರ ಮತ್ತು ಕನ್ನಡದ ರಾಣಿ, ಇಬ್ಬರನ್ನೂ ಎರಡು ವರ್ಷಗಳ ಅಂತರದಲ್ಲಿ ತೆರೆಗೆ ತಂದವರು ಒಬ್ಬರೇ. ಇನ್ನು 1970ರಲ್ಲಿ ಅವರು ರಾಜಕುಮಾರ್ ನಾಯಕತ್ವದಲ್ಲಿ 'ಶ್ರೀ ಕೃಷ್ಣದೇವರಾಯ' ತೆಗೆದು ತಾವೇ ತಿಮ್ಮರಸುವಾದರು. ಕನ್ನಡಿಗರೂ ತೆಲುಗರೂ ತಮ್ಮವನೆಂದು ಹೇಳಿಕೊಳ್ಳುವ ಅರಸನ ಕಥೆಗೆ ಗಡಿ ಸೀಮೆಯವರು ಕೈಹಾಕಿದ್ದು ಔಚಿತ್ಯಪೂರ್ಣವೇ ಆಗಿತ್ತು.

ಪಂತುಲು 1974ರಲ್ಲಿ ತೀರಿಕೊಂಡರು. ಪ್ರಶಸ್ತಿಗಳ ದಾಖಲೆಯಲ್ಲಿ 'ಸ್ಕೂಲ್ ಮಾಸ್ಟರ್' ಕನ್ನಡದ ಕಡೆ ಇದೆ, 'ಕಟ್ಟಬೊಮ್ಮನ್' ತಮಿಳಿನ ಕಡೆ. ಎರಡರ ಬೇರೂ ಒಂದೇ ಬಗೆಯ ಮಣ್ಣಿನಲ್ಲಿದೆ ಎಂದು ತಿಳಿಸುವ ಕಾಲಂ ಆ ದಾಖಲೆಯಲ್ಲಿಲ್ಲ.

ಮುಳಬಾಗಿಲಿನಿಂದ 'ದ್ವೀಪ'ಕ್ಕೆ

ಎರಡನೆಯ ನಿದರ್ಶನ ಓದುಗರ ನೆನಪಿನಲ್ಲಿ ಇನ್ನೂ ಹಸಿರಾಗಿರುವ ಹೆಸರು, ಮುಳಬಾಗಿಲು ತಾಲ್ಲೂಕಿನ ಮೂಲದ ನಟಿ ಸೌಂದರ್ಯ. ಹಂಸಲೇಖ ನಿರ್ದೇಶನದ 'ಗಂಧರ್ವ' (1992) ಚಿತ್ರದಿಂದ ಕನ್ನಡದಲ್ಲಿ ಕಾಲಿಟ್ಟ ಅವರನ್ನು ಮನೆಮಾತಾಗಿಸಿದ್ದು ತೆಲುಗು ಚಿತ್ರರಂಗ. 'ಅಮ್ಮೋರು' (1995), 'ಅಂತಃಪುರಂ' (1998) ಮೊದಲಾದ ಚಿತ್ರಗಳು ಅವರನ್ನು ಆಂಧ್ರದ ಮನೆಮಗಳನ್ನಾಗಿ ಮಾಡಿದವು. ಆಂಧ್ರ ಸರ್ಕಾರದ ನಂದಿ ಪ್ರಶಸ್ತಿಯ ಮನ್ನಣೆಯೂ ಬಂತು. ಹಿಂದಿಯ 'ಸೂರ್ಯವಂಶಂ' (1999) ಚಿತ್ರದಲ್ಲಿ ಅಮಿತಾಭ್ ಬಚ್ಚನ್ ಅವರಿಗೆ ನಾಯಕಿಯಾದರು. ಅಂದಹಾಗೆ ನಂದಿ ಪ್ರಶಸ್ತಿಗೆ ಆ ಹೆಸರು ಬಂದದ್ದು ಲೇಪಾಕ್ಷಿಯ ಬೃಹತ್ ನಂದಿಯಿಂದ. ವಿಜಯನಗರ ಕಾಲದ ಆ ದೇಗುಲವಿರುವುದೂ ಕನ್ನಡ ಗಡಿಗೆ ಹತ್ತಿರದ ಹಿಂದೂಪುರದ ಬಳಿಯಲ್ಲಿಯೇ.

ತೆಲುಗಿನ ಜನಪ್ರಿಯತೆಯ ತುತ್ತತುದಿಯಲ್ಲಿದ್ದಾಗ ಸೌಂದರ್ಯ ಕನ್ನಡದಲ್ಲಿ ನಿರ್ಮಾಪಕಿಯಾದರು. ಚಿತ್ರ ಗಿರೀಶ್ ಕಾಸರವಳ್ಳಿ ಅವರ 'ದ್ವೀಪ', ಆಧಾರ ನಾ. ಡಿಸೋಜ ಅವರ ಕಾದಂಬರಿ. ಅಣೆಕಟ್ಟೆಯ ಹಿನ್ನೀರಿನಲ್ಲಿ ಮುಳುಗುತ್ತಿರುವ ಊರನ್ನು ಬಿಡಲಾರದ ಕುಟುಂಬದ ಸೊಸೆ ನಾಗಿಯ ಪಾತ್ರವನ್ನು ಅವರೇ ವಹಿಸಿದರು. ಬಾರೋ ತಿಂಗಳು ಹರಿಯುವ ನದಿಯೊಂದೂ ಇಲ್ಲದ, ಕೆರೆಗಳನ್ನೇ ನೆಚ್ಚಿ ಬದುಕಿದ ಸೀಮೆಯ ಹೆಣ್ಣುಮಗಳು ಮಲೆನಾಡಿನ ಪ್ರವಾಹದ ಕಥೆಗೆ ಜೀವ ತುಂಬಿದರು. 2001ನೇ ಸಾಲಿನ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಅದು ಶ್ರೇಷ್ಠ ಕಥಾಚಿತ್ರವೆನಿಸಿ ಸ್ವರ್ಣ ಕಮಲ ಪಡೆಯಿತು. ಛಾಯಾಗ್ರಾಹಕ ಎಚ್.ಎಂ. ರಾಮಚಂದ್ರ ಅವರಿಗೂ ಪ್ರಶಸ್ತಿ ಬಂತು. ರಾಜ್ಯ ಸರ್ಕಾರವೂ 'ದ್ವೀಪ'ವನ್ನು ಮೊದಲ ಅತ್ಯುತ್ತಮ ಚಿತ್ರವೆಂದೂ ಸೌಂದರ್ಯ ಅವರನ್ನು ಅತ್ಯುತ್ತಮ ನಟಿಯೆಂದೂ ಆರಿಸಿತು.

ಇಲ್ಲಿ ಒಂದು ಸಂಗತಿ ಗಮನಾರ್ಹ. ಸ್ವರ್ಣ ಕಮಲ ನಿರ್ದೇಶಕರಿಗೆ ಮಾತ್ರವಲ್ಲ, ನಿರ್ಮಾಪಕರಿಗೂ ಸಲ್ಲುವ ಗೌರವ. ಇಂತಹ ಚಿತ್ರಗಳಿಗೆ ಹಣ ಹೂಡುವವರು ಅಪರೂಪ. ತೆಲುಗು ಚಿತ್ರರಂಗ ತಂದುಕೊಟ್ಟ ಹೆಸರು ಮತ್ತು ಬಲದಿಂದ ನಟಿಯೊಬ್ಬರು ಕನ್ನಡದ ಕಲಾತ್ಮಕ ಚಿತ್ರವೊಂದಕ್ಕೆ ಆಸರೆಯಾದರು. ಭಾಷೆಗಳ ನಡುವಿನ ಗಡಿ ಅಡ್ಡಗೋಡೆಯಾಗದೆ ಕಾಲುದಾರಿಯೂ ಆಗಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ. 2004ರ ಏಪ್ರಿಲ್ 17ರಂದು, ಚುನಾವಣಾ ಪ್ರಚಾರಕ್ಕೆಂದು ಬೆಂಗಳೂರಿನ ಜಕ್ಕೂರಿನಿಂದ ಕರೀಂನಗರಕ್ಕೆ ಹೊರಟ ಪುಟ್ಟ ವಿಮಾನ ಅಪಘಾತಕ್ಕೀಡಾಗಿ ಸೌಂದರ್ಯ ಮೃತಪಟ್ಟರು. ಅವರ 'ಆಪ್ತಮಿತ್ರ' ತೆರೆ ಕಂಡದ್ದು ಅದೇ ವರ್ಷ, ಅವರಿಲ್ಲದ ಮೇಲೆ.

ಕಥೆ ಇಲ್ಲಿಯದು, ಮಾತು ಯಾರದು?

ವ್ಯಕ್ತಿಗಳ ಮಾತು ಹಾಗಿರಲಿ, ಕೋಲಾರದ ಕಥೆಗಳ ಗತಿಯೇನು? ಮಾಲೂರು ತಾಲ್ಲೂಕಿನ ಮಾಸ್ತಿ ಗ್ರಾಮದ ಹೆಸರನ್ನು ಕನ್ನಡ ಸಾಹಿತ್ಯದಲ್ಲಿ ಅಜರಾಮರಗೊಳಿಸಿದ ಮಾಸ್ತಿ ವೆಂಕಟೇಶ ಅಯ್ಯಂಗಾರರ ಮನೆಮಾತು ತಮಿಳು. ಅವರ ನಾಟಕವನ್ನು ಆಧರಿಸಿ ಸಿ.ಆರ್. ಸಿಂಹ 1977ರಲ್ಲಿ 'ಕಾಕನ ಕೋಟೆ' ಚಿತ್ರ ನಿರ್ದೇಶಿಸಿದರು. ಆದರೆ ಅದರ ಕಥೆ ನಡೆಯುವುದು ಮೈಸೂರಿನ ಆಚೆಯ ಕಾಡಿನಲ್ಲಿ. ಕೋಲಾರದ ಸಾಹಿತಿ ಬೆಳ್ಳಿತೆರೆಗೆ ಬಂದರೂ ಕೋಲಾರ ಬರಲಿಲ್ಲ.

ಕೋಲಾರ ಬಂದದ್ದು ಚಿನ್ನದ ಗಣಿಯ ಮೂಲಕ. 1880ರಲ್ಲಿ ಜಾನ್ ಟೇಲರ್ ಕಂಪನಿ ಕೈಗೆತ್ತಿಕೊಂಡ ಗಣಿಗಾರಿಕೆ 2001ರ ಫೆಬ್ರುವರಿ 28ರಂದು ನಿಂತಿತು. ಪ್ರಶಾಂತ್ ನೀಲ್ ನಿರ್ದೇಶನದ 'ಕೆಜಿಎಫ್' ಮೊದಲ ಭಾಗ (2018) ಸಾಹಸ ನಿರ್ದೇಶನ ಮತ್ತು ವಿಶೇಷ ದೃಶ್ಯ ಪರಿಣಾಮಗಳಿಗಾಗಿ ರಾಷ್ಟ್ರೀಯ ಪ್ರಶಸ್ತಿ ಪಡೆಯಿತು. 2022ರ ಎರಡನೆಯ ಭಾಗ ಅತ್ಯುತ್ತಮ ಕನ್ನಡ ಚಿತ್ರವೆನಿಸಿದ್ದಲ್ಲದೆ ಸಾಹಸ ನಿರ್ದೇಶನಕ್ಕೂ ಪ್ರಶಸ್ತಿ ಗಳಿಸಿತು. ಚಿತ್ರದಲ್ಲಿ ಕಾಣುವ ನರಾಚಿ ಗಣಿ ಕಲ್ಪನೆಯದು. ನಿಜವಾದ ಗಣಿಯ ಕಾರ್ಮಿಕರು, ಅವರ ಲೈನ್ ಮನೆಗಳು, ಗಣಿ ಮುಚ್ಚಿದ ಮೇಲೆ ಕೆಲಸಕ್ಕಾಗಿ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ ಬರುವ ಅವರ ಮಕ್ಕಳು ಆ ಕಥೆಯ ಭಾಗವಲ್ಲ. 2024ರ ಆಗಸ್ಟ್ 15ರಂದು, ರಾಷ್ಟ್ರೀಯ ಪ್ರಶಸ್ತಿಗಳ ಪ್ರಕಟಣೆಯ ಹಿಂದಿನ ದಿನವೇ, ಇದೇ ಗಣಿ ಸೀಮೆಗೆ ವಲಸೆ ಬಂದ ದಲಿತ ಕೂಲಿಗಳನ್ನು ಕುರಿತ ಪಾ. ರಂಜಿತ್ ಅವರ 'ತಂಗಲಾನ್' ತೆರೆ ಕಂಡಿತು. ಅದು ತಮಿಳು ಚಿತ್ರ. ಒಂದೇ ನೆಲದ ಎರಡು ಕಥೆಗಳು ಹೀಗೆ ಎರಡು ಭಾಷೆಗಳ ಪಾಲಾದವು.

ನಿಯಮದ ಬಾಗಿಲು, ಕಿಟಕಿ

ರಾಜ್ಯ ಪ್ರಶಸ್ತಿ ಕನ್ನಡವನ್ನಷ್ಟೇ ಗುರುತಿಸುತ್ತದೆ ಎನ್ನುವುದು ಪೂರ್ತಿ ನಿಜವಲ್ಲ. ಕರ್ನಾಟಕದ ಇತರ ಪ್ರಾದೇಶಿಕ ಭಾಷೆಗಳ ಚಿತ್ರಕ್ಕೂ ಅದರಲ್ಲಿ ಒಂದು ಪ್ರಶಸ್ತಿ ಮೀಸಲಾಗಿದೆ. ತುಳು, ಕೊಡವ, ಕೊಂಕಣಿಯಂತಹ ಭಾಷೆಗಳ ಚಿತ್ರಗಳು ಇದರ ಫಲಾನುಭವಿಗಳು. ರಾಷ್ಟ್ರೀಯ ಮಟ್ಟದಲ್ಲಿಯೂ ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿ ಇಲ್ಲದ ಭಾಷೆಗಳ ಚಿತ್ರಗಳಿಗೆ ಪ್ರತ್ಯೇಕ ಪ್ರಶಸ್ತಿಗೆ ಅವಕಾಶವಿದೆ. ಅಭಯ ಸಿಂಹ ಅವರ ತುಳು ಚಿತ್ರ 'ಪಡ್ಡಾಯಿ' ಹೀಗೆ ಮನ್ನಣೆ ಪಡೆಯಿತು. ಅದಕ್ಕೂ ಮುನ್ನ, ಬ್ಯಾರಿ ಭಾಷೆಯ ಮೊದಲ ಚಿತ್ರ 'ಬ್ಯಾರಿ' 2011ನೇ ಸಾಲಿನ ಶ್ರೇಷ್ಠ ಕಥಾಚಿತ್ರ ಪ್ರಶಸ್ತಿಯನ್ನು ಮರಾಠಿಯ 'ದೇವೂಳ್' ಜತೆ ಹಂಚಿಕೊಂಡಿತು.

ಕೋಲಾರದ ತೆಲುಗು, ಕೆಜಿಎಫ್‌ನ ತಮಿಳಿಗೆ ಈ ಕಿಟಕಿಯೂ ಇಲ್ಲ. ಅವಕ್ಕೆ ತಮ್ಮದೇ ರಾಜ್ಯಗಳಿವೆ, ತಮ್ಮದೇ ಪ್ರಶಸ್ತಿಗಳಿವೆ ಎಂಬುದು ಇದಕ್ಕೆ ಕಾರಣ. ತರ್ಕ ಸರಿಯಾದುದೇ. ಎರಡು ದೊಡ್ಡ ಚಿತ್ರೋದ್ಯಮಗಳ ಪೈಪೋಟಿಯ ನಡುವೆ ಕನ್ನಡ ಚಿತ್ರರಂಗವನ್ನು ಕಾಪಾಡಲೆಂದು ಹುಟ್ಟಿದ ಪ್ರಶಸ್ತಿ, ಅದೇ ಭಾಷೆಗಳ ಚಿತ್ರಗಳಿಗೆ ಬಹುಮಾನ ನೀಡಬೇಕೆಂದು ಯಾರೂ ವಾದಿಸಲಾರರು. ಆದರೆ ಗಡಿ ಸೀಮೆಯ ಬೇಡಿಕೆ ಅದಲ್ಲ. ಇಲ್ಲಿನ ಜನ ಆಡುವ ಕನ್ನಡದಲ್ಲಿಯೇ ತೆಲುಗಿನ ಒಂದು ಎಳೆ, ತಮಿಳಿನ ಒಂದು ಎಳೆ ಸೇರಿಕೊಂಡಿರುತ್ತದೆ. ಅಪ್ಪನೊಡನೆ ಒಂದು ಭಾಷೆ, ಮೇಷ್ಟರೊಡನೆ ಒಂದು ಭಾಷೆ, ಮಂಡಿಯಲ್ಲಿ ಟೊಮೆಟೊ ಮಾರುವಾಗ ಮತ್ತೊಂದು. ಇಂತಹ ಮಾತನ್ನು ಹಾಗೆಯೇ ಹಿಡಿದ ಚಿತ್ರ ಬಂದರೆ ಆಯ್ಕೆ ಸಮಿತಿ ಅದನ್ನು ಕನ್ನಡ ಚಿತ್ರವೆಂದು ಒಪ್ಪುತ್ತದೆಯೇ ಎಂಬುದು ನಿಜವಾದ ಪ್ರಶ್ನೆ.

ಒಪ್ಪಲು ಅಡ್ಡಿಯಿಲ್ಲ ಎಂಬುದಕ್ಕೆ ಪೂರ್ವನಿದರ್ಶನಗಳಿವೆ. ಮಂಡ್ಯ ಸೀಮೆಯ ಹಳ್ಳಿಯ ಮಾತನ್ನು, ನಟನೆಯೇ ಗೊತ್ತಿಲ್ಲದ ಹಳ್ಳಿಗರ ಬಾಯಿಂದಲೇ ಆಡಿಸಿದ ರಾಮ್ ರೆಡ್ಡಿ ಅವರ 'ತಿಥಿ' 2015ನೇ ಸಾಲಿನಲ್ಲಿ ಅತ್ಯುತ್ತಮ ಕನ್ನಡ ಚಿತ್ರವಾಯಿತು. ಕರಾವಳಿಯ ಕನ್ನಡ ಮತ್ತು ತುಳುನಾಡಿನ ಭೂತಾರಾಧನೆಯನ್ನು ನೆಚ್ಚಿದ 'ಕಾಂತಾರ' 2022ನೇ ಸಾಲಿನಲ್ಲಿ ಜನಪ್ರಿಯ ಚಿತ್ರ ಪ್ರಶಸ್ತಿಯನ್ನೂ, ರಿಷಬ್ ಶೆಟ್ಟಿ ಅವರಿಗೆ ಶ್ರೇಷ್ಠ ನಟ ಪ್ರಶಸ್ತಿಯನ್ನೂ ತಂದಿತು. ಮಂಡ್ಯದ ಮಾತಿಗೆ, ಕರಾವಳಿಯ ಮಾತಿಗೆ ಸಿಕ್ಕ ಸರದಿ ಮುಳಬಾಗಿಲಿನ ಮಾತಿಗೆ ಇನ್ನೂ ಬರಬೇಕಿದೆ.

ತಡವಾದ ಹಾರ

ಇದೆಲ್ಲಕ್ಕೂ ಮೊದಲು ಪ್ರಶಸ್ತಿ ಸಕಾಲಕ್ಕೆ ಬರಬೇಕು. 2019ನೇ ಸಾಲಿನ ರಾಜ್ಯ ಪ್ರಶಸ್ತಿಗಳು ಪ್ರಕಟವಾದದ್ದು 2025ರ ಜನವರಿಯಲ್ಲಿ. 'ಪೈಲ್ವಾನ್' ಚಿತ್ರಕ್ಕಾಗಿ ಅತ್ಯುತ್ತಮ ನಟರಾಗಿ ಆಯ್ಕೆಯಾದ ಸುದೀಪ್ ಅದನ್ನು ವಿನಯದಿಂದಲೇ ನಿರಾಕರಿಸಿದರು. ಇದು ಕರ್ನಾಟಕದ ರೋಗ ಮಾತ್ರವಲ್ಲ. ತಮಿಳುನಾಡು 2009ರಿಂದ 2014ರವರೆಗಿನ ಪ್ರಶಸ್ತಿಗಳನ್ನು ವಿತರಿಸಿದ್ದು 2022ರಲ್ಲಿ. ರಾಜ್ಯ ವಿಭಜನೆಯ ಬಳಿಕ ನಂದಿ ಪ್ರಶಸ್ತಿಯೂ ಕುಂಟಿತು. ತೆಲಂಗಾಣ ತನ್ನದೇ ಗದ್ದರ್ ಪ್ರಶಸ್ತಿಗಳನ್ನು ಮೊದಲ ಬಾರಿಗೆ ನೀಡಿದ್ದು 2025ರ ಜೂನ್‌ನಲ್ಲಿ.

ದೊಡ್ಡ ತಾರೆಯರಿಗೆ ಈ ವಿಳಂಬದಿಂದ ಆಗುವ ನಷ್ಟ ಅಲ್ಪ. ಆದರೆ ಶ್ರೀನಿವಾಸಪುರದಂತಹ ಊರಿನಿಂದ ಬಂದು ಮೊದಲ ಚಿತ್ರ ತೆಗೆಯುವ ಯುವಕ ಯುವತಿಯರ ಪಾಲಿಗೆ ಪ್ರಶಸ್ತಿಯೆಂದರೆ ಎರಡನೆಯ ಚಿತ್ರಕ್ಕೆ ಬಂಡವಾಳ ಹೂಡು ಎಂದು ಯಾರನ್ನಾದರೂ ಕೇಳಲು ಸಿಗುವ ರಹದಾರಿ. ಐದಾರು ವರ್ಷ ತಡವಾಗಿ ಬಂದ ಹಾರ ಆ ಕೆಲಸಕ್ಕೆ ಬಾರದು. ಅಷ್ಟರಲ್ಲಿ ಸಾಲ ಬೆಳೆದಿರುತ್ತದೆ, ತಂಡ ಚದುರಿರುತ್ತದೆ.

ಅವರ ಪಾಲಿಗೆ ಇಂದು ಕಿರುಚಿತ್ರದ ದಾರಿ ತೆರೆದಿದೆ. ರಾಷ್ಟ್ರೀಯ ಪ್ರಶಸ್ತಿಯ ಕಥೇತರ ವಿಭಾಗದಲ್ಲಿ ಬಹುಮಾನ ಹಂಚುವುದು ಭಾಷಾವಾರು ಅಲ್ಲ, ವಿಷಯವಾರು ಮತ್ತು ಕೌಶಲವಾರು. ಕಲೆ, ಜೀವನಚರಿತ್ರೆ, ಸಾಮಾಜಿಕ ಕಾಳಜಿ ಎಂಬಂತಹ ವಿಭಾಗಗಳಲ್ಲಿ ಯಾವ ಭಾಷೆಯ ಚಿತ್ರವಾದರೂ ಸ್ಪರ್ಧಿಸಬಹುದು. ಪುಣೆಯ ಚಲನಚಿತ್ರ ಸಂಸ್ಥೆಯ ವಿದ್ಯಾರ್ಥಿಯಾಗಿದ್ದ ಚಿದಾನಂದ ನಾಯ್ಕ್ ಅವರ 16 ನಿಮಿಷಗಳ ಕನ್ನಡ ಕಿರುಚಿತ್ರ 2024ರಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ಚಿತ್ರಗಳ ವಿಭಾಗದಲ್ಲಿ ಮೊದಲ ಬಹುಮಾನ ಗಳಿಸಿತು. ಅದರ ಕಥೆ ಕನ್ನಡದ ಅಜ್ಜಿಕಥೆಯೊಂದರಿಂದ ಬಂದದ್ದು.

ಕನ್ನಡಕ್ಕೆ ನೆಲೆ ಬೇಕಿದ್ದ ಕಾಲದಲ್ಲಿ ರಾಜ್ಯ ಪ್ರಶಸ್ತಿ ಭಾಷೆಯನ್ನು ಗಡಿಯಾಗಿ ಹಾಕಿಕೊಂಡಿತು, ಆ ಕೆಲಸವನ್ನು ಚೆನ್ನಾಗಿಯೇ ಮಾಡಿತು. ಇಂದು ಕನ್ನಡ ಚಿತ್ರ ಐದು ಭಾಷೆಗಳಲ್ಲಿ ತೆರೆ ಕಾಣುವಷ್ಟು ಗಟ್ಟಿಯಾಗಿದೆ. ಹೀಗಿರುವಾಗ ಕನ್ನಡದೊಳಗಿನ ಹಲವು ಮಾತುಗಳಿಗೆ ಕಿವಿಗೊಡುವುದರಿಂದ ಅದು ಕಳೆದುಕೊಳ್ಳುವುದೇನೂ ಇಲ್ಲ. ಪಂತುಲು ಮದರಾಸಿಗೆ ಹೋಗಬೇಕಾಯಿತು, ಸೌಂದರ್ಯ ಹೈದರಾಬಾದಿಗೆ. ಇಬ್ಬರೂ ಅಲ್ಲಿ ಗಳಿಸಿದ್ದನ್ನು ಕನ್ನಡಕ್ಕೆ ತಂದುಕೊಟ್ಟರು. ಮುಂದಿನವರು ತಮ್ಮ ಊರಿನ ಮಾತಿನಲ್ಲಿಯೇ ಚಿತ್ರ ತೆಗೆದು ಅರ್ಜಿಯಲ್ಲಿ ಭಾಷೆ ಎಂಬಲ್ಲಿ 'ಕನ್ನಡ' ಎಂದು ಬರೆದರೆ, ಸಮಿತಿಯವರು ಆ ಮಾತನ್ನು ಕನ್ನಡವೆಂದೇ ಕೇಳಿಸಿಕೊಳ್ಳಬೇಕು. ಅದಕ್ಕೆ ಹೊಸ ಪ್ರಶಸ್ತಿಯೂ ಬೇಕಿಲ್ಲ, ಹೊಸ ನಿಯಮವೂ ಬೇಕಿಲ್ಲ.